ಮೂರನೆಯ ಗುಂಪು

ಹೆರಿಗೆಯಾದ ಮೇಲೆ ತಾಯಿಯ ಹೊಟ್ಟೆ ಖಾಲಿಯಾಯಿತು ಎಂದು ಲೋಕವೆಲ್ಲ ನಂಬಿಕೊಂಡು ಬಂದಿದೆ. ಹಾಗೇನೂ ಆಗುವುದಿಲ್ಲ. ಒಂಬತ್ತು ತಿಂಗಳು ಬಾಡಿಗೆ ಕೊಡದೆ ಇದ್ದವರು ಹೋಗುವಾಗ ತಮ್ಮ ಸಾಮಾನನ್ನೆಲ್ಲ ಅಚ್ಚುಕಟ್ಟಾಗಿ ಕಟ್ಟಿಕೊಂಡು ಹೋಗುತ್ತಾರೆಯೇ? ಮಗುವಿನ ಒಂದಿಷ್ಟು ಜೀವಕೋಶಗಳು ತಾಯಿಯ ರಕ್ತಕ್ಕೆ ದಾಟಿ, ಮೂಳೆಯ ಮಜ್ಜೆಯಲ್ಲೋ ಹೃದಯದಲ್ಲೋ ಯಕೃತ್ತಿನಲ್ಲೋ ಒಂದು ಮೂಲೆ ಹಿಡಿದು ಉಳಿದುಬಿಡುತ್ತವೆ. ಮಗ ಮೀಸೆ ಬಿಟ್ಟು, ಮದುವೆಯಾಗಿ, ತಾಯಿಗೆ ಎದುರು ಮಾತಾಡುವುದನ್ನು ಕಲಿತ ಮೇಲೂ ಅವನ ಕೂಸುತನದ ಕೋಶಗಳು ಅವಳೊಳಗೆ ತೆಪ್ಪಗೆ ಕೂತಿರುತ್ತವೆ. ಇಷ್ಟು ಬಹಳ ಹಿಂದೆಯೇ ಗೊತ್ತಿತ್ತು. ಅವನ್ನು ಎಬ್ಬಿಸಿ ಕೆಲಸಕ್ಕೆ ತರುವುದು ಹೇಗೆಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಅದನ್ನು ತಿಳಿದುಕೊಂಡವರು ಧಾರವಾಡದ ಕೆಲಗೇರಿ ಕಡೆಯ ಒಂದು ಸಂಶೋಧನಾಲಯದವರು. ಅವರು ತಯಾರಿಸಿದ ದ್ರವಕ್ಕೆ ಕಾಗದದ ಮೇಲೆ ಅಂಕಿ ಅಕ್ಷರಗಳ ಉದ್ದನೆಯ ಹೆಸರಿತ್ತು. ಒಳಗಿನವರೆಲ್ಲ ಅದನ್ನು ‘ಕೋಳಿ’ ಎನ್ನುತ್ತಿದ್ದರು. ಮಲಗಿದವರನ್ನು ಎಬ್ಬಿಸುತ್ತದಲ್ಲ, ಅದಕ್ಕೆ. ತಾಯಿಯ ಮಜ್ಜೆಯನ್ನು ಒಂದು ಚಮಚದಷ್ಟು ತೆಗೆದು, ಅದರೊಳಗಿನ ಮಕ್ಕಳ ಕೋಶಗಳನ್ನು ಯಂತ್ರದಲ್ಲಿ ಗುಂಪು ಗುಂಪಾಗಿ ಬೇರ್ಪಡಿಸಿ, ದೋಷವಿಲ್ಲದ ಗುಂಪಿಗೆ ಕೋಳಿ ಹಾಕಿ ಬೆಳೆಸಿ, ಕೆಟ್ಟುಹೋದ ಅಂಗಕ್ಕೆ ಮರಳಿ ಬಿಡುವುದು ಅವರ ಕ್ರಮ. ಬೇರೆಯವರ ಅಂಗ ತಂದು ಕಸಿ ಮಾಡಿದರೆ ಮೈ ಅದರ ಮೇಲೆ ಜಗಳಕ್ಕೆ ಬೀಳುತ್ತದೆ. ಇವು ಎಷ್ಟೋ ವರ್ಷದಿಂದ ಮನೆಯಲ್ಲೇ ಇದ್ದವು, ಆದ್ದರಿಂದ ಮೈ ಚಕಾರ ಎತ್ತುವುದಿಲ್ಲ.

ಈ ಕೋಳಿಯನ್ನು ಮೊಟ್ಟೆಯಿಂದ ಸಾಕಿ ದೊಡ್ಡದು ಮಾಡಿದವರಲ್ಲಿ ವನಮಾಲಾ ಒಬ್ಬಳು. ಗದಗಿನವಳು. ಎಷ್ಟೋ ತಾಯಂದಿರಿಗೆ ನೆರವಾದ ಆ ವಿದ್ಯೆ ಈಗ ತನ್ನ ತಾಯಿಗೇ ಬೇಕಾಗಿ ಬಂದಿತ್ತು.

ತಾಯಿ ಫಕೀರವ್ವ ಗದಗಿನ ಒಂದು ಪ್ರೆಸ್ಸಿನಲ್ಲಿ ಅಚ್ಚಾದ ಹಾಳೆ ಮಡಚಿ, ಹೊಲಿದು, ಲಗ್ನಪತ್ರಿಕೆಗಳಿಗೆ ಅರಿಶಿನ ಹಚ್ಚಿ ಇಬ್ಬರು ಮಕ್ಕಳನ್ನು ಓದಿಸಿದವಳು. ಅವಳ ಯಕೃತ್ತು ಒಂದು ಪ್ರೋಟೀನನ್ನು ಹುಟ್ಟಿನಿಂದಲೇ ತಪ್ಪಾಗಿ ಮಡಚುತ್ತಿತ್ತು. ಹೊರಗೆ ಹೋಗಲಾರದೆ ಅದು ಒಳಗೇ ಬಿದ್ದು, ಬಿದ್ದು, ಈಗ ಯಕೃತ್ತೇ ಗಟ್ಟಿಯಾಗತೊಡಗಿತ್ತು. ಮಗಳು ಇದನ್ನು ವಿವರಿಸಿದಾಗ ಫಕೀರವ್ವನಿಗೆ ಸಲೀಸಾಗಿ ತಿಳಿಯಿತು. “ಮಡಚೂದು ತಪ್ಪಿದ್ರ ಕಟ್ಟೆಲ್ಲಾ ಗೋದಾಮಿನಾಗ ಬೀಳತೈತಿ. ಮಾಲಕ ಬೈತಾನ,” ಎಂದಳು. ಕಣ್ಣು ಹಳದಿಯಾಗಿತ್ತು, ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. ದೊಡ್ಡಾಸ್ಪತ್ರೆಯವರು ಕೆಲವು ತಿಂಗಳ ಮಾತು ಎಂದು ಹೇಳಿ ಕಳಿಸಿದ್ದರು.

ತಾಯಿಯ ಮಾದರಿ ಯಂತ್ರಕ್ಕೆ ಹೋದ ದಿನ ವನಮಾಲಾ ಊಟ ಬಿಟ್ಟು ಪರದೆಯ ಮುಂದೆ ಕೂತಳು. ಯಂತ್ರ ಎರಡು ಗುಂಪು ತೋರಿಸಿತು: ಒಂದು ಅವಳದು, ಇನ್ನೊಂದು ತಮ್ಮ ಪ್ರಭುವಿನದು. ಎರಡರ ಮುಂದೆಯೂ ಕೆಂಪು ಗುರುತು. ತಾಯಿಯ ದೋಷ ಇಬ್ಬರು ಮಕ್ಕಳಿಗೂ ಇಳಿದಿತ್ತು. ಅಂದರೆ ಅವಳ ಕೋಶವೂ ಪ್ರೋಟೀನನ್ನು ತಪ್ಪಾಗಿಯೇ ಮಡಚುತ್ತದೆ, ತಮ್ಮನದೂ ಅಷ್ಟೇ. ಮುಂದೊಂದು ದಿನ ತನ್ನ ಕಣ್ಣೂ ಹಳದಿಯಾಗಬಹುದು ಎಂಬುದು ಅವಳಿಗೆ ಆಗಲೇ ಹೊಳೆಯಿತು. ಆದರೆ ಆ ಹೊತ್ತಿನಲ್ಲಿ ಅದು ದೂರದ ಮಾತಾಗಿತ್ತು. ಹತ್ತು ಹದಿನೈದು ವರ್ಷ ಈ ಕಟ್ಟಡದಲ್ಲಿ ಸವೆದದ್ದು ಹೆತ್ತವಳಿಗೇ ದಕ್ಕದೆ ಹೋಯಿತಲ್ಲ ಎಂದು ಅವಳಿಗೆ ಅಳು ಬಂತು.

ಅಲ್ಲಿಗೆ ಎದ್ದು ಹೋಗಬೇಕಿತ್ತು. ಆದರೆ ಬೇರೆ ಯಾವ ರೋಗಿಯ ವಿಷಯದಲ್ಲೂ ಮಾಡದ ಒಂದು ಕೆಲಸವನ್ನು ಅವಳು ಅಂದು ಮಾಡಿದಳು. ಯಂತ್ರ ‘ಕಲಬೆರಕೆ’ ಎಂದು ಬದಿಗೆ ಎಸೆದಿದ್ದ ಚೂರನ್ನು ತೆರೆದು ನೋಡಿದಳು. ಎಷ್ಟು ಮಕ್ಕಳೆಂದು ಮೊದಲೇ ಹೇಳಿಕೊಟ್ಟರೆ ಯಂತ್ರ ಅಷ್ಟೇ ಗುಂಪು ಮಾಡುತ್ತಿತ್ತು. ಉಳಿದದ್ದನ್ನು ಹೊರಗಿನ ಧೂಳು, ಕೈಯ ಬೆವರು ಎಂದು ಬಿಟ್ಟುಬಿಡುತ್ತಿತ್ತು. ಆ ಚೂರಿನಲ್ಲಿ ಇನ್ನೊಂದು ಗುಂಪಿತ್ತು. ಹೆಣ್ಣು. ಅರ್ಧ ಫಕೀರವ್ವನದು, ಇನ್ನರ್ಧ ವನಮಾಲಾಳ ತೀರಿಹೋದ ತಂದೆಯದೇ. ದೋಷದ ಗುರುತಿಲ್ಲ.

ಸಂಶೋಧನಾಲಯದ ಮುಖ್ಯಸ್ಥ ಡಾಕ್ಟರ್ ಇನಾಮದಾರರು ಕನ್ನಡಕ ಹಣೆಗೇರಿಸಿ ಪರದೆಯ ಹತ್ತಿರ ಬಂದರು.

“ನಿಮ್ಮವೇ ಬಿದ್ದಿರಬೇಕ್ರೀ. ಮಾದರಿ ತಗೊಳ್ಳೋವಾಗ ನೀವೇ ಮುಂದ ನಿಂತಿದ್ರಿ.”

“ನನ್ನವಾಗಿದ್ರ ದೋಷ ಇರಬೇಕಲ್ಲರಿ ಸರ್. ಇದರಾಗ ಇಲ್ಲ.”

ಇನಾಮದಾರರು ಹೊಸ ಮಾದರಿಯಿಂದ ಪರೀಕ್ಷೆಯನ್ನು ಮತ್ತೆ ಮಾಡಿಸಿದರು. ಮೂರನೆಯ ಗುಂಪು ಹಾಗೆಯೇ ಬಂದು ಕೂತಿತು.

“ನಿಮ್ಮ ತಾಯಿಯವರನ್ನ ಕೇಳೀರೇನು, ಮಕ್ಕಳೆಷ್ಟು ಅಂತ?”

“ನಮ್ಮವ್ವನ್ನ ಏನು ಕೇಳೂದ್ರಿ ಸರ್? ನಾನು, ನನ್ನ ತಮ್ಮ. ನಾನೇ ಎರಡು ಅಂತ ಹಾಕೀನಿ.”

“ಊರ ಮಂದಿನ್ನೆಲ್ಲಾ ಕೇಳ್ತೀರಿ, ಮನಿಯವರನ್ನ ಬಿಡ್ತೀರಿ,” ಎಂದರು ಇನಾಮದಾರರು. “ಹೋಗಿ ಕೇಳ್ರಿ.”

ಗದಗಿನ ಮನೆಯಲ್ಲಿ ಫಕೀರವ್ವ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ನೀರು ತುಂಬಿದ ಪಾದಗಳು ಮಿರಿಮಿರಿ ಮಿಂಚುತ್ತಿದ್ದವು. ವನಮಾಲಾಳ ತಂದೆಯ ಅಕ್ಕ ನಿಂಗವ್ವ ಪಕ್ಕದಲ್ಲಿ ಮೆಂತೆ ಪಲ್ಲೆ ಸೋಸುತ್ತಿದ್ದಳು. ಗಂಡ ತೀರಿದ ಮೇಲೆ ಅವಳು ತಮ್ಮನ ಮನೆಗೇ ಬಂದು ನಿಂತವಳು. ಇಬ್ಬರೂ ಹಗಲೆಲ್ಲ ಜಗಳವಾಡಿದರೂ ಒಬ್ಬರನ್ನೊಬ್ಬರು ಬಿಟ್ಟು ಉಣ್ಣುತ್ತಿರಲಿಲ್ಲ.

“ಅವ್ವಾ, ನಿನಗ ಮಕ್ಕಳೆಷ್ಟು?”

ಫಕೀರವ್ವ ಮಗಳ ಹಣೆ ಮುಟ್ಟಿ ನೋಡಿದಳು. “ಜ್ವರ ಬಂದಾವೇನ ನಿನಗ? ನೀನು, ಪ್ರಭು.”

“ನೀ ಹಂಗ ಕೇಳಿದ್ರ ಆಕಿ ಹಂಗ ಹೇಳ್ತಾಳ,” ಎಂದಳು ನಿಂಗವ್ವ ಪಲ್ಲೆಯಿಂದ ತಲೆಯೆತ್ತದೆ. “ಹಡದದ್ದೆಷ್ಟು ಅಂತ ಕೇಳು.”

“ಹಡದದ್ದೆಷ್ಟವ್ವ?”

“ಹಡದದ್ದು ಮೂರು, ಉಳದದ್ದು ಎರಡು.”

ಮನೆಯ ನಂಬರು ಹೇಳಿದಷ್ಟು ಸಹಜವಾಗಿ ಹೇಳಿದಳು. ಆ ವಯಸ್ಸಿನ ಹೆಂಗಸರೆಲ್ಲ ಹೀಗೆಯೇ ಹೇಳುವುದನ್ನು ವನಮಾಲಾ ಚಿಕ್ಕಂದಿನಿಂದ ಕೇಳಿದ್ದಳು. ಬಾವಿಕಟ್ಟೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಹೊಸಬರು ಎದುರಾದಾಗಲೆಲ್ಲ ಇದೇ ಮಾತು. ಮಕ್ಕಳು ಎಂದರೆ ಇದ್ದವರು. ಹೋದವರ ಲೆಕ್ಕಕ್ಕೆ ಬೇರೆ ಪ್ರಶ್ನೆಯೇ ಇದೆ. ಆ ಪ್ರಶ್ನೆಯನ್ನು ಧಾರವಾಡದ ಅಷ್ಟು ದೊಡ್ಡ ಕಟ್ಟಡದಲ್ಲಿ ಯಾರೂ ಒಮ್ಮೆಯೂ ಕೇಳಿರಲಿಲ್ಲ.

“ನನಗ ಯಾಕ ಹೇಳಲಿಲ್ಲ?”

“ಮುಚ್ಚಿಟ್ಟೀನೇನು? ನೀ ಕೇಳಲಿಲ್ಲ.” ಫಕೀರವ್ವ ಸೆರಗು ಸರಿಪಡಿಸಿಕೊಂಡಳು. “ಚೊಚ್ಚಲು. ಹೆಣ್ಣು. ದಿನ ತುಂಬೂಕಿಂತ ಮೊದಲೇ ಬಂತು, ಅಂಗೈಯಷ್ಟು. ತೊಟ್ಟಲಕ್ಕ ಹಾಕೂದರೊಳಗ ಹೋತು. ನನಗ ಹಾಲೂ ಬಂದಿದ್ದಿಲ್ಲ ಸರಿಯಾಗಿ.”

ವನಮಾಲಾ ತಾಯಿಯ ಕೈ ಹಿಡಿದುಕೊಂಡು, ಪರದೆಯ ಮೇಲೆ ಕಂಡದ್ದನ್ನು ಹೇಳಿದಳು. ಆ ಕೂಸಿನ ಒಂದಿಷ್ಟು ಅಂಶ ಇನ್ನೂ ನಿನ್ನೊಳಗೆ ಇದೆ, ಜೀವಂತ ಇದೆ, ಅದರಿಂದ ನಿನ್ನ ಲಿವರ್ ಸರಿಯಾಗಬಹುದು ಎಂದಳು. ನಿಂಗವ್ವನ ಕೈಯಲ್ಲಿನ ಪಲ್ಲೆ ಕೈಯಲ್ಲೇ ಉಳಿಯಿತು. ಫಕೀರವ್ವ ಇನ್ನೊಂದು ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

“ಅಳತೈತೇನ?” ಎಂದು ಕೇಳಿದಳು.

“ಇಲ್ಲವ್ವ. ಮಲಗೈತಿ.”

“ಹಂಗಿದ್ರ ಆತು,” ಎಂದಳು ಫಕೀರವ್ವ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲಿಲ್ಲ.

ಸಂಶೋಧನಾಲಯಕ್ಕೆ ಮರಳಿ ವನಮಾಲಾ ಈ ಮಾತು ತಿಳಿಸಿದಾಗ ಇನಾಮದಾರರು ಹಳೆಯ ಕಡತಗಳನ್ನು ತೆಗೆದರು. ಅವರ ತಲೆ ಅವಳಿಗಿಂತ ಮುಂದೆ ಓಡಿತ್ತು. ಹಿಂದೆ ಬಂದು, ಯೋಗ್ಯ ಕೋಶವಿಲ್ಲವೆಂದು ವಾಪಸು ಹೋದ ತಾಯಂದಿರೆಷ್ಟು ಮಂದಿ? ಅವರ ಕಲಬೆರಕೆಯ ಚೂರಿನಲ್ಲಿ ಯಾರು ಯಾರಿದ್ದರು? ಇಬ್ಬರೂ ಸೇರಿ ಹಳೆಯ ರೋಗಿಗಳ ಮನೆಗಳಿಗೆ ಫೋನು ಮಾಡಲು ಕೂತರು. ರೋಣದ ಒಬ್ಬಾಕೆ ತಾನೇ ಎತ್ತಿಕೊಂಡು, ಹಡೆದದ್ದು ಆರು ಎಂದಳು; ಅವಳನ್ನು ಬರಹೇಳಿದರು. ನವಲಗುಂದದಲ್ಲಿ ಮಗ ಎತ್ತಿಕೊಂಡು, ಅವ್ವ ಹೋಗಿ ವರ್ಷವಾಯಿತು, ಯಾರು ನೀವು ಎಂದ. ಇನಾಮದಾರರು ಫೋನಿಟ್ಟು ಬಾಲ್ಕನಿಗೆ ಹೋಗಿ ನಿಂತರು. ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳಿದ್ದರೆ ಆ ಹೆಂಗಸು ಈಗ ಮೊಮ್ಮಕ್ಕಳನ್ನು ಬೈಯುತ್ತ ಮನೆಯಲ್ಲಿ ಇರಬಹುದಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು.

ಫಕೀರವ್ವನನ್ನು ಧಾರವಾಡಕ್ಕೆ ಕರೆತಂದು ಸಂಶೋಧನಾಲಯದ ವಾರ್ಡಿನಲ್ಲಿ ಮಲಗಿಸಿದರು. ನಿಂಗವ್ವನೂ ಚಾಪೆ ಸುತ್ತಿಕೊಂಡು ಹಿಂದೆಯೇ ಬಂದಳು. ಪರೀಕ್ಷೆಗೆಂದು ಮೂರನೆಯ ಗುಂಪಿನ ಒಂದು ಚಿಟಿಕೆಗೆ ಕೋಳಿ ಹಾಕಿ ನೋಡಿಯೂ ಆಗಿತ್ತು, ಕೋಶಗಳು ಚೆನ್ನಾಗಿ ಎದ್ದಿದ್ದವು. ಉಳಿದದ್ದು ತಾಯಿಯ ಒಪ್ಪಿಗೆ. ಅದು ಮುಗಿದ ಕೆಲಸವೆಂದೇ ವನಮಾಲಾ ತಿಳಿದಿದ್ದಳು.

“ನಾ ಒಲ್ಲೆ,” ಎಂದಳು ಫಕೀರವ್ವ.

“ಯಾಕವ್ವ?”

“ಮಲಗಿದ ಕೂಸಿನ್ನ ಎಬ್ಬಿಸಿ ನನ್ನ ಕೆಲಸಕ್ಕ ಹಚ್ಚತೀರಿ. ನಾ ಒಲ್ಲೆ. ನನ್ನ ಸಣ್ಣಾಕಿದ್ದಾಗೇ ಪ್ರೆಸ್ಸಿಗೆ ಹಚ್ಚಿದ್ರು. ಕೈ ನಿಲಕೂದಿಲ್ಲ ಅಂತ ಡಬ್ಬಿ ಮ್ಯಾಲೆ ನಿಂದ್ರಿಸಿ ಹಾಳಿ ಮಡಚಿಸ್ಯಾರ. ನನ್ನ ಮಕ್ಕಳನ್ನ ಕೆಲಸಕ್ಕ ಕಳಸೂದಿಲ್ಲ ಅಂತ ಅವತ್ತೇ ಅಂದಕೊಂಡಿದ್ದೆ. ನಿನ್ನ ಕಳಿಸಲಿಲ್ಲ, ಪ್ರಭೂನ್ನ ಕಳಿಸಲಿಲ್ಲ. ಈಗ ಹೆಸರಿಲ್ಲದ ಕೂಸಿನ್ನ ದುಡಿಯಾಕ ಹಚ್ಚಲೇನು? ಹೊಟ್ಟಿ ತುಂಬ ಹಾಲು ಕುಡಿಸಲಿಲ್ಲ ಅದಕ್ಕ.”

“ಅದು ಕೂಸಲ್ಲವ್ವ. ಕೋಶ.”

“ಮಲಗೈತಿ ಅಂತ ನೀನೇ ಅಂದಿ.”

ಇನಾಮದಾರರು ಬಾಗಿಲಲ್ಲಿ ನಿಂತು ಕೆಮ್ಮಿದರು. “ತಪ್ಪು ನಮ್ಮದೇ ಅದ. ಕೋಳಿ ಅಂತ ಹೆಸರಿಟ್ಟವರು ನಾವು,” ಎಂದು ಮೆಲ್ಲಗೆ ಹೇಳಿ ಹೊರಟುಹೋದರು.

ವನಮಾಲಾಗೆ ಸಿಟ್ಟು ಬಂತು, ಭಯವೂ ಆಯಿತು. ಅವೆರಡರ ಅಡಿಯಲ್ಲಿ ಹೇಳಲು ನಾಚಿಕೆಯಾಗುವಂಥ ಹೊಟ್ಟೆಕಿಚ್ಚೂ ಇತ್ತು. ಇಷ್ಟು ವರ್ಷ ಮನೆಗೆ ಹಿರಿಯಳು ತಾನು. ತನ್ನ ಕೋಶ ತಾಯಿಯ ಕೆಲಸಕ್ಕೆ ಬಾರದೆ, ಅಂಗೈಯಷ್ಟಿದ್ದ ಯಾರೋ ಒಬ್ಬಳದು ಬಂದಿತ್ತು. ಬಂದರೂ ತಾಯಿ ಅವಳನ್ನು ಮುಟ್ಟಗೊಡುತ್ತಿಲ್ಲ.

“ನನ್ನವಾಗಿದ್ರ ಒಪ್ಪತಿದ್ದೇನ?” ಎಂದು ಕೇಳಿಯೇಬಿಟ್ಟಳು.

“ನೀ ದುಡಿಯೂ ವಯಸ್ಸಿನಾಕಿ. ಹಚ್ಚತಿದ್ದೆ,” ಎಂದಳು ಫಕೀರವ್ವ. ನಿಂಗವ್ವ ಚಾಪೆಯ ಮೇಲೆ ಕೂತಲ್ಲೇ ನಕ್ಕಳು. ವನಮಾಲಾಗೂ ನಗು ತಡೆಯಲಾಗಲಿಲ್ಲ, ಸಿಟ್ಟು ಅರ್ಧ ಇಳಿಯಿತು.

ವಾದ ಮಾಡಿ ಈ ಹೆಂಗಸನ್ನು ಗೆದ್ದವರಿಲ್ಲ ಎಂದು ಅವಳಿಗೆ ಗೊತ್ತು. ಎರಡು ದಿನ ಸುಮ್ಮನಿದ್ದಳು. ಈ ಎರಡು ದಿನದಲ್ಲಿ ತಾಯಿಯ ಮಾತು ಸ್ವಲ್ಪ ತೊದಲತೊಡಗಿತು, ಹಗಲಲ್ಲೂ ಮಂಪರು ಹತ್ತುತ್ತಿತ್ತು. ಇನ್ನು ತಡ ಮಾಡಿದರೆ ಒಪ್ಪಿಗೆ ಕೊಡುವ ಎಚ್ಚರವೂ ಅವಳಿಗೆ ಉಳಿಯುವುದಿಲ್ಲ. ಮೂರನೆಯ ದಿನ ಬೆಳಿಗ್ಗೆ ಫಕೀರವ್ವನ ಕಣ್ಣು ತಿಳಿಯಾಗಿದ್ದಾಗ ವನಮಾಲಾ ಸೂಕ್ಷ್ಮದರ್ಶಕದ ಪರದೆಯನ್ನು ಗಾಲಿಮೇಜಿನ ಮೇಲಿಟ್ಟು ವಾರ್ಡಿಗೆ ತಳ್ಳಿಕೊಂಡು ಬಂದಳು. ಪರದೆಯ ಮೇಲೆ ಆ ಚಿಟಿಕೆ ಕೋಶಗಳು ಕಾಣುತ್ತಿದ್ದವು. ಒಂದು ಕೋಶ ನಡುವೆ ಸಣ್ಣಗಾಗಿ ಎರಡಾಯಿತು.

“ಏನು ಮಾಡಾಕತ್ತಾವ ಅವು?”

“ಬೆಳ್ಯಾಕತ್ತಾವ.”

“ಆಮ್ಯಾಲೆ ಏನು ಮಾಡಸ್ತೀರಿ?”

“ಏನೂ ಮಾಡಸೂದಿಲ್ಲವ್ವ. ಇಲ್ಲಿ ಬೆಳೀತಾವ, ನಿನ್ನೊಳಗ ಬಿಟ್ರ ಅಲ್ಲೂ ಬೆಳೀತಾವ. ಒಳಗ ಕೆಟ್ಟದ್ದು ಹಿಂದ ಸರೀತೈತಿ, ಇದು ಬೆಳೀತ ಹೋಗತೈತಿ, ಅಷ್ಟೇ. ಕೂಸು ಮತ್ತೇನು ಮಾಡತೈತಿ, ಬೆಳೀತೈತಿ.”

ಫಕೀರವ್ವ ತಲೆದಿಂಬಿನಿಂದ ಎದ್ದು ಕೂರಲು ನೋಡಿದಳು. ನಿಂಗವ್ವ ಬೆನ್ನಿಗೆ ಕೈಕೊಟ್ಟಳು. ಪರದೆಯ ಮೇಲೆ ಇನ್ನೊಂದು ಕೋಶ ಎರಡಾಯಿತು. ಫಕೀರವ್ವ ಬೆರಳು ಚಾಚಿ ಗಾಜನ್ನು ಮುಟ್ಟಿದಳು.

“ಎಷ್ಟು ದೊಡ್ಡದಾಗತೈತಿ?”

“ಚಲೋ ಹತ್ತಿಕೊಂಡ್ರ ನಿನ್ನ ಲಿವರ್ ಮುಕ್ಕಾಲು ಅಕಿನೇ ಆಗ್ತಾಳ. ತೂಕಕ್ಕ ಹಾಕಿದ್ರ ಒಂದು ಕೇಜಿ ಮ್ಯಾಲೆ.”

ಅದು ಎಂದ ಬಾಯಿಯಲ್ಲಿ ಅಕಿ ಎಂದು ಯಾವಾಗ ಬಂತೋ ವನಮಾಲಾಗೇ ತಿಳಿಯಲಿಲ್ಲ. ಫಕೀರವ್ವನಿಗೆ ತಿಳಿಯಿತು.

“ಹುಟ್ಟಿದಾಗ ಅಷ್ಟೂ ಇದ್ದಿಲ್ಲ ಅಕಿ,” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಬೆಳೆಯೂದಾದ್ರ ಬೆಳೀಲಿ. ನಾ ಯಾಕ ಬ್ಯಾಡ ಅನ್ಲಿ? ಆದ್ರ ಹೆಸರಿಡದ ಬೆಳಸಬ್ಯಾಡ್ರಿ. ಎಬ್ಬಿಸೂಮುಂದ ಏನಂತ ಕರೀತೀರಿ? ಹೆಸರಿಡ್ರಿ, ಆಮ್ಯಾಲೆ ಏನು ಬೇಕಾದ್ರೂ ಮಾಡ್ರಿ,” ಎಂದಳು.

ಹೆಸರಿಡುವುದೆಂದರೆ ಸೋದರತ್ತೆಯ ಹಕ್ಕು. ಅಂದೇ ಮಧ್ಯಾಹ್ನ ನಿಂಗವ್ವ ಮುಖ ತೊಳೆದು, ಗಂಟಿನಿಂದ ಇಳಕಲ್ಲ ಸೀರೆ ತೆಗೆದು ಉಟ್ಟು ಬಂದಳು. ವಾರ್ಡಿನಲ್ಲಿ ದೀಪ ಹಚ್ಚುವಂತಿಲ್ಲ, ಕಾಯಿ ಒಡೆಯುವಂತಿಲ್ಲ ಎಂದು ನರ್ಸು ಮೊದಲೇ ಹೇಳಿದ್ದಳು. ತೊಟ್ಟಿಲಂತೂ ಇಲ್ಲ. ಇನಾಮದಾರರು ಎಲ್ಲಿಂದಲೋ ನಾಲ್ಕು ಪೇಡೆ ತರಿಸಿ ಕೈಯಲ್ಲಿ ಹಿಡಿದು, ಬೀಗರ ಮನೆಗೆ ಬಂದವರಂತೆ ಗೋಡೆಗೆ ಆತು ನಿಂತಿದ್ದರು. ಫಕೀರವ್ವ ನಿಂಗವ್ವನನ್ನು ಹತ್ತಿರ ಕರೆದು ಅವಳ ಕಿವಿಯಲ್ಲಿ ಒಂದು ಹೆಸರು ಹೇಳಿದಳು.

“ಎಲ್ಲಿಂದ ತಂದಿ ಇದನ್ನ?” ಎಂದಳು ನಿಂಗವ್ವ.

“ಲಗ್ನಪತ್ರಿಕಿಯಾಗ ಇತ್ತು. ಬಸುರಿದ್ದಾಗ ಅರಿಶಿಣ ಹಚ್ಚೂಮುಂದ ಓದಿದ್ದೆ. ಹೆಣ್ಣಾದ್ರ ಇದನ್ನ ಇಡಬೇಕಂತ ಅಂದಕೊಂಡಿದ್ದೆ. ಯಾರಿಗೂ ಹೇಳಿದ್ದಿಲ್ಲ.”

ನಿಂಗವ್ವ ಮುಂದೆ ಬಾಗಿದಳು. ಬಾಗಿ ಹಾಗೆಯೇ ನಿಂತಳು. ಹೆಸರು ಹೇಳುವುದು ಕೂಸಿನ ಕಿವಿಯಲ್ಲಿ. “ಕಿವಿ ಎಲ್ಲೈತಿ?” ಎಂದು ವನಮಾಲಾಳನ್ನು ಕೇಳಿದಳು.

ಈ ಪ್ರಶ್ನೆಗೆ ಉತ್ತರ ಯಾವ ವಿಜ್ಞಾನದಲ್ಲಿಯೂ ಇರಲಿಲ್ಲ. ವನಮಾಲಾ ತಾಯಿಯ ಬಲಪಕ್ಕೆಯ ಕೆಳಗೆ, ಹೊದಿಕೆಯ ಮೇಲೆ, ತನ್ನ ಎರಡು ಬೆರಳಿಟ್ಟು ತೋರಿಸಿದಳು. ನಿಂಗವ್ವ ಅಲ್ಲಿಗೆ ಬಾಯಿ ತಂದು, ಎಲ್ಲ ಸೋದರತ್ತೆಯರೂ ಮಾಡುವ ಹಾಗೆ “ಕುರ್ರ್ರ್” ಎಂದು ಊದಿ, “ಸುಹಾಸಿನಿ” ಎಂದಳು. ಅತ್ತೆ ಹೆಸರು ಹೇಳಿದ ಕೂಡಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು, ಅದು ಪದ್ಧತಿ. ಸುತ್ತ ಇದ್ದ ಹೆಂಗಸರೆಂದರೆ ನರ್ಸು, ವನಮಾಲಾ. ಇಬ್ಬರೂ ಗುದ್ದಿದರು.

“ಮೆತ್ತಗ ಹೊಡೀರಿ, ನನ್ನ ಲಿವರ್ರೂ ಹೋದೀತು,” ಎಂದಳು ನಿಂಗವ್ವ.

ಫಕೀರವ್ವ ನಕ್ಕಳು. ನಗುತ್ತಲೇ ಅತ್ತಳು, ಅಳುತ್ತಲೇ ಒಪ್ಪಿಗೆಯ ಸಹಿ ಹಾಕಿದಳು. ಆಮೇಲೆ ಮಗಳ ಕಡೆ ತಿರುಗಿ, “ಅಕಿ ಹೋದ ಮ್ಯಾಲೆ ನೀನೂ ಅಲ್ಲೇ ಇದ್ದು ಬಂದಾಕಿ. ನಿನ್ನೊಳಗೂ ಒಂದಿಷ್ಟು ಇದ್ದಾಳೇನ?” ಎಂದು ಕೇಳಿದಳು.

“ಇರಬಹುದವ್ವ. ಹಿಂದಿನ ಕೂಸಿನವು ಮುಂದಿನ ಕೂಸಿಗೂ ದಾಟತಾವ. ನನ್ನ ರಕ್ತ ಇನ್ನೂ ನೋಡಿಲ್ಲ.”

“ಈಗ ನೋಡಬ್ಯಾಡ. ನಿನಗ ಬೇಕಾದಾಗ ಕರಿ, ಬರ್ತಾಳ.”

ಮರುದಿನ ವನಮಾಲಾ ಒಳಗಿನ ಕೋಣೆಯಲ್ಲಿ ಕೈಗವಸು ತೊಟ್ಟು ಕೂತಳು. ಡಬ್ಬಿಯ ಮೇಲಿನ ಅಂಕಿಗಳ ಚೀಟಿ ಕಿತ್ತು, ಹೊಸ ಚೀಟಿಯ ಮೇಲೆ ದುಂಡಗೆ ಹೆಸರು ಬರೆದು ಅಂಟಿಸಿದಳು. ಕೋಳಿಯನ್ನು ಹನಿಹನಿಯಾಗಿ ಬಿಡುವಾಗ ಅವಳ ತುಟಿ ಅಲುಗಿತು. “ಅಕ್ಕಾ,” ಎಂದಳು. ಹುಟ್ಟಿದಂದಿನಿಂದ ಆ ಶಬ್ದವನ್ನು ಬೇರೆಯವರ ಬಾಯಲ್ಲಿ ಕೇಳಿದ್ದೇ ಹೊರತು ಮನೆಯವರಿಗೆ ತಾನು ಎಂದೂ ಅಂದಿರಲಿಲ್ಲ. ಇನಾಮದಾರರು ಪಕ್ಕದ ಮೇಜಿನಲ್ಲಿದ್ದರು. ಅವರಿಗೆ ಕೇಳಿಸಿತು, ಕೇಳಿಸದವರಂತೆ ಇದ್ದರು.

ಬೆಳೆದ ಕೋಶಗಳನ್ನು ತಾಯಿಯ ಯಕೃತ್ತಿನ ರಕ್ತನಾಳಕ್ಕೆ ಬಿಟ್ಟ ಮೇಲೆ ಕಾಯುವುದೊಂದೇ ಕೆಲಸವಾಯಿತು. ಮೊದಲ ವಾರ ಜ್ವರ ಬಂದು ಎಲ್ಲರೂ ಹೆದರಿದರು. ಕೋಶಗಳು ನೆಲೆ ಹಿಡಿಯದೆ ರಕ್ತದಲ್ಲಿ ತೊಳೆದುಹೋದರೆ ಮತ್ತೆ ಬೆಳೆಸುವಷ್ಟು ಉಳಿದಿರಲಿಲ್ಲ. ಆ ಮೇಲೆ ಜ್ವರ ಇಳಿಯಿತು, ಪಾದದ ಬಾವು ಇಳಿಯಿತು, ಕಣ್ಣಿನ ಹಳದಿ ಎಲ್ಲರಿಗಿಂತ ಮೊದಲು ನಿಂಗವ್ವನ ಕಣ್ಣಿಗೆ ಕಡಿಮೆ ಕಂಡಿತು. ತಿಂಗಳು ತುಂಬಿದಾಗ ಸ್ಕ್ಯಾನ್ ಮಾಡಿದರು. ಪ್ರಭು ಹೊಸಪೇಟೆಯಿಂದ ರಜೆ ಹಾಕಿ ಓಡಿಬಂದು, ಹೊರಗಿನ ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತಿದ್ದ.

ಒಳಗೆ ಪರದೆಯ ಮೇಲೆ ಯಕೃತ್ತಿನ ಚಿತ್ರ ಬಂತು. ಮೂರನೆಯ ಗುಂಪಿಗೆ ಕೊಟ್ಟಿದ್ದ ಹಸಿರು ಬಣ್ಣ ಬಲಗಡೆಯಿಂದ ಹಬ್ಬಿ ನಡುವನ್ನು ದಾಟಿತ್ತು. ರಕ್ತದ ಅಂಕಿಗಳು ಹತ್ತಿರ ಹತ್ತಿರ ಸರಿಯಾಗಿದ್ದವು. ಫಕೀರವ್ವ ಮಗ್ಗುಲಾಗಿ ಗೊರಕೆ ಹೊಡೆಯುತ್ತಿದ್ದಳು. ಇನಾಮದಾರರು ಬಾಗಿಲ ಕಡೆ ಕೈ ತೋರಿಸಿದರು, ಹೋಗಿ ಹೇಳ್ರಿ ಎನ್ನುವಂತೆ.

ವನಮಾಲಾ ಬಾಗಿಲು ತೆರೆದು ಹೊರಗೆ ಬಂದಳು. ಎಷ್ಟು ಪಾಲು ಬೆಳೆದಿದೆ, ಪ್ರೋಟೀನು ಎಷ್ಟಕ್ಕೆ ಬಂದಿದೆ, ಮುಂದೆ ಯಾವ ಔಷಧ ಎಂದು ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದಳು. ಪ್ರಭು ದಡಕ್ಕನೆ ಎದ್ದು ನಿಂತ.

“ಏನಾತಕ್ಕ?”

ಜೋಡಿಸಿದ್ದೆಲ್ಲ ಎಲ್ಲಿಗೋ ಹೋಯಿತು. ಹೆರಿಗೆಯ ಕೋಣೆಯಿಂದ ಹೊರಗೆ ಬಂದವರು ಹೇಳುವ ಮಾತೇ ಅವಳ ಬಾಯಿಗೆ ಬಂತು.

“ತಾಯಿ, ಕೂಸು, ಇಬ್ಬರೂ ಆರಾಮ ಅದಾರ.”